ಯಂತ್ರವಿಲ್ಲದ ತಜ್ಞ

ಹಿನ್ನರ್‌ಫೇನ್ ಊರಿನ ಕಾಲುವೆಯ ಮೇಲಿದ್ದ ಎತ್ತುಸೇತುವೆಯನ್ನು ಮೂವತ್ತೊಂದು ವರ್ಷ ಎತ್ತಿ ಇಳಿಸಿದ ಮೆನ್ನೊ ಪೊಪಿಂಗಾ ತನ್ನ ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದ. ಅದನ್ನೂ ಪೂರ್ತಿ ಹೇಳಿರಲಿಲ್ಲ. "ಹೂಂ" ಎಂದು ಅರ್ಧಕ್ಕೇ ನಿಲ್ಲಿಸಿದ್ದ.

ಸೇತುವೆಗೆ ಮೋಟಾರು ಕೂರಿಸಿ, ಕಂಬದ ಮೇಲೊಂದು ಕ್ಯಾಮೆರಾ ಇಟ್ಟು, ಐವತ್ತಾರಕ್ಕೇ ಅವನಿಗೆ ನಿವೃತ್ತಿ ಕೊಟ್ಟು ಮನೆಗೆ ಕಳಿಸಿದ್ದರು. ಆ ವರ್ಷದ ನವೆಂಬರಿನಲ್ಲಿ ಡೇಲಿಯಾ ಗೆಡ್ಡೆಗಳನ್ನು ಹಿಮ ತಾಗದಂತೆ ಇಡಲು ಅವನಿಗೊಂದು ಗಟ್ಟಿ ರಟ್ಟಿನ ಪೆಟ್ಟಿಗೆ ಬೇಕಾಯಿತು. ಶಾಲೆಯ ಹಿಂದೆ ಯಾರೋ ಎಸೆದಿದ್ದ ಕಂಪ್ಯೂಟರಿನ ಖಾಲಿ ಪೆಟ್ಟಿಗೆ ಸಿಕ್ಕಿತು. ಅದನ್ನು ಸೈಕಲ್ಲಿಗೆ ಕಟ್ಟಿ ತಳ್ಳಿಕೊಂಡು ಬರುತ್ತಿದ್ದಾಗ ಬೇಕರಿಯ ಬಾಗಿಲಲ್ಲಿ ಓನ್ನೊ ಡಿರ್ಕ್ಸ್ ನಿಂತಿದ್ದ. ಅವನ ತೋಳಿಗೆಲ್ಲ ಹಿಟ್ಟು, ಮುಖಕ್ಕೆಲ್ಲ ಸಂತೋಷ.

"ಮೊಯಿನ್ ಮೆನ್ನೊ. ಕೊನೆಗೂ ನೀನೂ ತಗೊಂಡ್ಯಾ?"

"ಹೂಂ" ಎಂದ ಮೆನ್ನೊ.

ಬೇರೆ ಕಡೆಯಾಗಿದ್ದರೆ ಮುಂದಿನ ವಾಕ್ಯದಲ್ಲಿ ಎಲ್ಲ ಸರಿಹೋಗುತ್ತಿತ್ತು. ಆದರೆ ಆ ಊರಿರುವ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯಲ್ಲಿ ಒಂದು ವಿಷಯಕ್ಕೆ ಎರಡು ವಾಕ್ಯ ಖರ್ಚು ಮಾಡುವವನನ್ನು ಬಾಯಿಬಡುಕ ಎನ್ನುತ್ತಾರೆ. ಮೆನ್ನೊ ಮರ್ಯಾದಸ್ಥ. ಸೈಕಲ್ ತಳ್ಳಿಕೊಂಡು ಮುಂದೆ ಹೋದ.

ಮುಂದಿನ ಗುರುವಾರ ಓನ್ನೊ ಅವನನ್ನು ಹಿಡಿದುಕೊಂಡು ಹೋಗಿ ಹಿನ್ನರ್‌ಫೇನ್ ಕಂಪ್ಯೂಟರ್ ಮಿತ್ರರ ನೋಂದಾಯಿತ ಸಂಘದ ಮುಂದೆ ನಿಲ್ಲಿಸಿದ. ಸಂಘ ಪ್ರತಿ ಗುರುವಾರ ಸೇರುತ್ತಿದ್ದದ್ದು ಅಗ್ನಿಶಾಮಕ ಠಾಣೆಯ ಮಹಡಿಯ ಮೇಲೆ. ಅಧ್ಯಕ್ಷ ಹಿಂಡರ್ಕ್ ಸಾತೋಫ್ ಜಮೀನು ನೋಂದಣಿ ಕಚೇರಿಯ ನಿವೃತ್ತ ಗುಮಾಸ್ತ. ಊರಿನಲ್ಲಿ ಎಲ್ಲರನ್ನೂ ಬಹುವಚನದಲ್ಲಿ ಮಾತಾಡಿಸುವವನು ಅವನೊಬ್ಬನೇ. ತನ್ನ ಬೆಕ್ಕನ್ನೂ ಹಾಗೆಯೇ ಕರೆಯುತ್ತಾನೆಂದು ಜನ ಆಡಿಕೊಳ್ಳುತ್ತಿದ್ದರು. ನಿಯಮಾವಳಿಯ ಮೂರನೆಯ ಕಲಮಿನಂತೆ ಸದಸ್ಯನಾಗುವವನು ಸ್ವಂತ ಯಂತ್ರ ಉಳ್ಳವನಾಗಿರಬೇಕು.

"ಶ್ರೀಮಾನ್ ಪೊಪಿಂಗಾ ಅವರಲ್ಲಿ ಯಂತ್ರ ಇದೆಯೋ?" ಎಂದು ಸಾತೋಫ್ ಕೇಳಿದ.

"ಪೆಟ್ಟಿಗೆ ತಗೊಂಡು ಹೋಗಿದ್ದನ್ನ ಈ ಕಣ್ಣಲ್ಲೇ ನೋಡಿದೀನಿ" ಎಂದ ಓನ್ನೊ.

ಹಾಗೆ ಮೆನ್ನೊ ಹನ್ನೆರಡನೆಯ ಸದಸ್ಯನಾದ. ಆ ರಾತ್ರಿಯೇ ಹೋಗಿ ನಿಜ ಹೇಳಿಬಿಡಬೇಕೆಂದು ಅವನು ಅಂದುಕೊಂಡದ್ದು ಸುಳ್ಳಲ್ಲ. ಆದರೆ ಆ ಮಹಡಿಯಲ್ಲಿ ಒಲೆ ಬೆಚ್ಚಗಿತ್ತು, ಚಹಾ ಗಟ್ಟಿಯಾಗಿತ್ತು, ಕಿಟಕಿಯ ಪಕ್ಕದ ಕುರ್ಚಿ ಅವನದೆಂದು ಆಗಿಹೋಗಿತ್ತು. ಸೇತುವೆಯ ಮೇಲಿದ್ದಾಗ ದಿನಕ್ಕೆ ಇನ್ನೂರು ಜನ ಅವನಿಗೆ ಮೊಯಿನ್ ಎಂದು ನಮಸ್ಕಾರ ಹೇಳುತ್ತಿದ್ದರು. ಮನೆಯಲ್ಲಿ ಮದುವೆಯಾಗದ ಮನುಷ್ಯನಿಗೆ ಮೊಯಿನ್ ಎನ್ನುವವರು ಯಾರು? ಪಕ್ಕದ ಮನೆಯಲ್ಲಿದ್ದ ಅವನ ಅಕ್ಕ ಗೇಶೆ ಮಾತಾಡುತ್ತಿದ್ದಳು, ಆದರೆ ಅವಳದು ಬೈಗುಳ. ಮೆನ್ನೊನಿಗೆ ಒಂಟಿತನ ಕಾಡುತ್ತಿತ್ತು, ಗುರುವಾರವೊಂದು ಬಿಟ್ಟರೆ ವಾರವೆಲ್ಲ ಅವನಿಗೆ ಉದ್ದವಾಗಿತ್ತು. ನಿಜ ಹೇಳಿದರೆ ಆ ಗುರುವಾರ ಹೋಗುತ್ತದೆ. ಆದ್ದರಿಂದ ಅವನು ಹೇಳಲಿಲ್ಲ.

ಎರಡು ವರ್ಷ ಕಳೆಯಿತು. ಯಾರಾದರೂ ಏನಾದರೂ ಕೇಳಿದರೆ ಮೆನ್ನೊ ಕಿಟಕಿಯಾಚೆ ನೋಡಿ, "ಅದು ಯಂತ್ರ ಯಾವುದು ನೋಡ್ಕೊಂಡು ಹೇಳ್ಬೇಕು" ಎನ್ನುತ್ತಿದ್ದ. ಕೇಳಿದವನು ತಲೆದೂಗಿ ತನ್ನ ಪ್ರಶ್ನೆಗೆ ತಾನೇ ಉತ್ತರ ಹುಡುಕಿಕೊಳ್ಳುತ್ತಿದ್ದ. ಇಷ್ಟು ಸಾಕಾಯಿತು. ಮೆನ್ನೊ ಕಡಿಮೆ ಮಾತಾಡುವ ಜಾಣನೆಂದು ಹೆಸರಾದ.

ಅಷ್ಟರಲ್ಲಿ ಸಂಘಕ್ಕೆ ಹತ್ತು ವರ್ಷ ತುಂಬುವ ಏಪ್ರಿಲ್ ಹತ್ತಿರ ಬಂತು. ಊರಿನವರಿಗಾಗಿ ಒಂದು ಪ್ರದರ್ಶನ ಮಾಡುವುದೆಂದು ತೀರ್ಮಾನವಾಯಿತು. ಪ್ರತಿ ಯಂತ್ರದ ಮೇಲೂ ಎರಡು ತಂತ್ರಾಂಶ: ಬಂದವರು ಕೂತು ವಿಮಾನ ಹಾರಿಸಲು ಒಂದು, ಲೋಕದ ಮೂಲೆಮೂಲೆಯವರು ಸುದ್ದಿಗುಂಪುಗಳಲ್ಲಿ ಬರೆದ ಪತ್ರಗಳನ್ನು ಫೋನಿನ ತಂತಿಯಲ್ಲಿ ತರಿಸಿ ಓದಲು ಓದುಗ ಎಂಬ ಇನ್ನೊಂದು. "ಒಂದು ಯಂತ್ರ, ಒಂದು ವಿಮಾನ, ಒಂದು ಓದುಗ" ಎಂದು ಸಾತೋಫ್ ನಡಾವಳಿಯಲ್ಲಿ ಬರೆದ. ಯಾವ ವಿಮಾನ, ಯಾವ ಓದುಗ ಎಂದು ಕೇಳಿದ್ದೇ ತಪ್ಪಾಯಿತು.

ದಂತವೈದ್ಯ ರೈಂಡರ್ಸ್‌ನ ಮನೆಯಲ್ಲಿದ್ದದ್ದು ವಿಂಡೋಸ್. ಓನ್ನೊನದು ಅಮಿಗಾ. ಅಂಚೆ ಹಂಚುವ ಟೊಮ್ಮಾಳದು ಲಿನಕ್ಸ್. ಒಬ್ಬ ಮ್ಯಾಕಿಂಟೋಷ್, ಇಬ್ಬರು ಅಟಾರಿ, ಉಳಿದವರು ಹೀಗೇ ಒಂದೊಂದು ದಿಕ್ಕು, ಒಂದರ ತಂತ್ರಾಂಶ ಇನ್ನೊಂದರಲ್ಲಿ ಓಡದು.

"ನನ್ನ ವಿಮಾನದಲ್ಲಿ ಮೋಡ ಇದೆ. ನಿಮ್ಮದ್ರಲ್ಲಿ ಮೋಡ ಇದೆಯೇನ್ರೀ?" ಎಂದ ದಂತವೈದ್ಯ.

"ಮೋಡ ನೋಡೋಕೆ ಯಂತ್ರ ಯಾಕ್ರೀ ಬೇಕು? ಕಿಟಕಿ ತೆಗೀರಿ" ಎಂದ ಓನ್ನೊ.

"ನಿಮ್ಮ ಓದುಗ ಒಂದು ಪತ್ರ ತೋರಿಸೋ ಹೊತ್ತಿಗೆ ನಾನು ಎರಡು ಹಲ್ಲು ಕಿತ್ತಿರ್ತೀನಿ."

"ಅದಕ್ಕೇ ಜನ ನಿಮ್ಮ ಹತ್ರ ಬರೋಕೆ ಹೆದರೋದು."

ಮೂರು ಗುರುವಾರ ಹೀಗೆ ನಡೆಯಿತು. ಮೂರನೆಯ ಗುರುವಾರ ದಂತವೈದ್ಯ ಬೇರೆ ಸಂಘ ಕಟ್ಟುವ ಮಾತೆತ್ತಿದ. ಓನ್ನೊ ಇನ್ನು ಮೇಲೆ ಅವನ ಮನೆಗೆ ಬನ್ನು ಕಳಿಸುವುದಿಲ್ಲವೆಂದ. ಯಾವ ಯಂತ್ರಕ್ಕೆ ಯಾವ ತಂತ್ರಾಂಶ ಎಂದು ಯಾವ ಪಕ್ಷಕ್ಕೂ ಸೇರದವನೊಬ್ಬ ಪಟ್ಟಿ ಮಾಡಿಕೊಡಲಿ ಎಂದು ಟೊಮ್ಮಾ ಸೂಚಿಸಿದಳು.

ಈ ಹೊತ್ತಿನಲ್ಲಿ ಮೆನ್ನೊ ಅಲ್ಲಿರಲಿಲ್ಲ. ಆ ಸೀಮೆಯಲ್ಲಿ ಚಹಾ ಸಾಕೆಂದರೆ ಚಮಚವನ್ನು ಕಪ್ಪಿನೊಳಗೆ ಇಡಬೇಕು, ಇಡುವವರೆಗೂ ಸುರಿಯುತ್ತಲೇ ಇರುತ್ತಾರೆ. ಜಗಳದ ಗಡಿಬಿಡಿಯಲ್ಲಿ ಮೆನ್ನೊನ ಚಮಚ ಯಾರದೋ ತಟ್ಟೆಗೆ ಹೋಗಿತ್ತು. ಏಳನೆಯ ಕಪ್ಪಿನ ನಂತರ ಅವನು ಕೆಳಗಿನ ಶೌಚಾಲಯಕ್ಕೆ ಹೋದ. ಸಂಘ ಸಂಸ್ಥೆಗಳಲ್ಲಿ ಯಾವ ಹೊಣೆಯನ್ನಾದರೂ ಆ ಕ್ಷಣ ಕೋಣೆಯಲ್ಲಿ ಇಲ್ಲದವನಿಗೇ ಹೊರಿಸುವುದು ಆ ದೇಶದ ಹಳೆಯ ಪದ್ಧತಿ, ಯಾಕೆಂದರೆ ಅವನೊಬ್ಬನೇ ಬೇಡ ಎನ್ನಲಾರ. ಮೆನ್ನೊ ಕೈ ಒರೆಸಿಕೊಳ್ಳುತ್ತ ಮೇಲೆ ಬಂದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆಯ ಬದಲು ಮೇಜು ಕುಟ್ಟಿದರು.

"ಅವಿರೋಧವಾಗಿ" ಎಂದ ಸಾತೋಫ್. "ಪರಿಶೀಲಕರಾಗಿ ಆರು ವಾರದಲ್ಲಿ ವರದಿ ಕೊಡ್ತೀರಿ."

"ಅದು ಯಂತ್ರ ಯಾವುದು ನೋಡ್ಕೊಂಡು..." ಎಂದ ಮೆನ್ನೊ.

"ಹಾಗೇ ಆಗ್ಲಿ. ಎಲ್ಲರ ಮನೆಗೂ ಹೋಗಿ ನೋಡಿ" ಎಂದ ಸಾತೋಫ್.

ಹೀಗೆ ಮೆನ್ನೊ ಸೇತುವೆಯ ಕಾಲದ ದಾಖಲೆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಸೈಕಲ್ಲು ಹತ್ತಿ ಮನೆಮನೆ ತಿರುಗತೊಡಗಿದ. ದೋಣಿಗಳ ಹೆಸರು, ಹೊತ್ತು, ಗಾಳಿಯ ದಿಕ್ಕು ಬರೆಯುತ್ತಿದ್ದ ಅಂಕಣಗಳಲ್ಲಿ ಈಗ ಸದಸ್ಯರ ಹೆಸರು, ಹೊತ್ತು, ಚಹಾದ ಕಪ್ಪು ಬರೆದ.

ಓನ್ನೊ ವಿಮಾನವನ್ನು ಲೀಲಾಜಾಲವಾಗಿ ಏರಿಸಿ ಸಮುದ್ರದ ಮೇಲೆ ಎರಡು ಸುತ್ತು ಹೊಡೆದು, ದೀಪಸ್ತಂಭದ ಪಕ್ಕದಲ್ಲಿ ನೀರಿಗೆ ಬಿದ್ದ. ಅವನ ಹೆಂಡತಿ ಹಿಲ್ಕೆ ಹೆಣಿಗೆಯಿಂದ ತಲೆ ಎತ್ತದೆ, "ಬಿತ್ತಾ?" ಎಂದಳು. "ಇಳಿಸೋದೊಂದು ಸ್ವಲ್ಪ ಬಾಕಿ" ಎಂದು ಓನ್ನೊ ಮೆನ್ನೊನಿಗೆ ವಿವರಿಸಿದ. ದಂತವೈದ್ಯನ ವಿಮಾನ ಮೋಡಗಳ ನಡುವೆ ಘನತೆಯಿಂದ ಸಾಗಿ ಬೆಟ್ಟಕ್ಕೆ ಬಡಿಯಿತು, ಮೋಡ ಇದ್ದದ್ದರಿಂದ ಬೆಟ್ಟ ಕಾಣಿಸಿರಲಿಲ್ಲ. ಆಮೇಲೆ ಅವನ ಓದುಗ ಫೋನಿನ ತಂತಿಯಲ್ಲಿ ಶಿಳ್ಳೆ ಹಾಕುತ್ತ ನಾಲ್ಕು ಸಾವಿರ ಪತ್ರಗಳನ್ನು ತಂದು ಸುರಿಯಿತು.

"ಇಷ್ಟೊಂದು ಜನ ಏನು ಬರ್ದಿದಾರೆ?" ಎಂದ ಮೆನ್ನೊ.

ದಂತವೈದ್ಯ ಕನ್ನಡಕ ಹಾಕಿಕೊಂಡು ನೋಡಿದ. "ಪತ್ರ ಓದೋಕೆ ಯಾವ ತಂತ್ರಾಂಶ ಒಳ್ಳೇದು ಅಂತ."

ಟೊಮ್ಮಾಳ ಪರದೆ ಕಪ್ಪಾಗಿತ್ತು, ಅದರ ಮೇಲೆ ಮೂರು ಹಸಿರು ಗೆರೆ. "ಈ ಗೆರೆ ಭೂಮಿ. ಇದು ವಿಮಾನ ಓಡೋ ದಾರಿ. ಅಗೋ, ಅದು ಪಟ್ಟಣ" ಎಂದಳು.

"ಎಲ್ಲಿ?"

"ಅಂದ್ಕೋಬೇಕು, ಮೆನ್ನೊ."

ಅವನು ಅಂದುಕೊಂಡ. ಪಕ್ಕದಲ್ಲಿ ಕೂತು, ಬಿದ್ದವರಿಗೆ "ಗಾಳಿ ಜೋರಾಗಿತ್ತು" ಎಂದು ಸಮಾಧಾನ ಹೇಳಿದ. ಬೆಳಿಗ್ಗೆ ನಾಲ್ಕಕ್ಕೆ ಏಳುವ ಟೊಮ್ಮಾಳಿಗೆ ಎಷ್ಟು ಹೊತ್ತು ಓದಲು ಸಿಗುತ್ತದೆ, ಕಣ್ಣು ಮಂಜಾದ ಅಟಾರಿಯ ಮುದುಕನಿಗೆ ಅಕ್ಷರ ಎಷ್ಟು ದೊಡ್ಡದಿರಬೇಕು ಎಂಬುದನ್ನೆಲ್ಲ ಕೇಳಿ ಬರೆದುಕೊಂಡ. ಅವನಿಗೆ ಬೇರೆ ಏನನ್ನು ಕೇಳಬೇಕೆಂದು ಗೊತ್ತಿರಲಿಲ್ಲ.

ಕೊನೆಯ ಮನೆ ಅಧ್ಯಕ್ಷನದು. ಸಾತೋಫ್ ಒಬ್ಬನೇ ಇದ್ದ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಅವನ ಯಂತ್ರದ ಮೇಲೆ ಹೆಣಿಗೆಯ ಬಟ್ಟೆ, ಬಟ್ಟೆಯ ಮೇಲೆ ಹೂಕುಂಡ. ತಂತಿಯ ತುದಿ ಗೋಡೆಯನ್ನು ಮುಟ್ಟದೆ ನೆಲದ ಮೇಲೆ ಬಿದ್ದಿತ್ತು. ಪಕ್ಕದ ಮೇಜಿನಲ್ಲಿ ಬೆರಳಚ್ಚು ಯಂತ್ರವೊಂದಿತ್ತು, ಅದರಲ್ಲಿ ಕಳೆದ ಗುರುವಾರದ ನಡಾವಳಿ ಅರ್ಧಕ್ಕೆ ನಿಂತಿತ್ತು.

"ಇದು ಸದ್ಯಕ್ಕೆ ವಿಶ್ರಾಂತಿಯಲ್ಲಿದೆ" ಎಂದ ಸಾತೋಫ್. "ಎಲ್ಲ ಸರಿಯಾಗಿದೆ ಅಂತ ಬರ್ಕೊಳ್ಳಿ."

ಮೆನ್ನೊ ಬರೆದುಕೊಂಡ: ಸಾತೋಫ್, ಮೂರೂವರೆ, ನಾಲ್ಕು ಕಪ್.

ಈ ನಡುವೆ ವಾರಪತ್ರಿಕೆಯಲ್ಲಿ "ಕಂಪ್ಯೂಟರ್ ತಜ್ಞ ಪೊಪಿಂಗಾ ಅವರ ವರದಿಗೆ ಕಾತರ" ಎಂದು ಅಚ್ಚಾಯಿತು. ಗೇಶೆ ಪತ್ರಿಕೆಯನ್ನು ಕೈಯಲ್ಲಿ ಹಿಡಿದೇ ಬೇಲಿ ದಾಟಿ ಬಂದಳು.

"ಯಾರೋ ಇವನು, ನಿನ್ನ ಹೆಸರಿಟ್ಕೊಂಡಿರೋನು?"

"ನಾನೇ."

"ನಿನಗೆ ನನ್ನ ಮನೆಯ ಬಟ್ಟೆ ಒಗೆಯೋ ಯಂತ್ರ ಚಾಲೂ ಮಾಡೋಕೆ ಬರಲ್ಲ. ಎಲ್ಲಿದೆಯೋ ನಿನ್ನ ಕಂಪ್ಯೂಟರು?"

"ಪೆಟ್ಟಿಗೇಲಿ."

"ಪೆಟ್ಟಿಗೇಲಿರೋದು ಡೇಲಿಯಾ. ಕಟ್ಟಿಟ್ಟವಳೇ ನಾನು."

ಗೇಶೆ ಅವನ ಮುಖ ನೋಡಿದಳು, ಪತ್ರಿಕೆ ಮಡಚಿದಳು, "ದೇವರೇ" ಎಂದು ಕುರ್ಚಿಯ ಮೇಲೆ ಕೂತಳು. ಅದೇ ವಾರ ಚರ್ಚಿನ ಪಾದ್ರಿ ಬಂದು, ಚರ್ಚಿಗೆ ಒಂದು ಯಂತ್ರ ಕೊಳ್ಳಬೇಕು, ಯಾವುದು ಕೊಳ್ಳುವುದು ಎಂದು ಕೇಳಿದ. ಅದು ಯಂತ್ರ ಯಾವುದು ನೋಡಿಕೊಂಡು ಹೇಳಬೇಕು ಎಂದ ಮೆನ್ನೊ. ಪಾದ್ರಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ, ಭಾನುವಾರದ ಉಪದೇಶದಲ್ಲಿ ಯಂತ್ರದ ಜಾಗಕ್ಕೆ ಮನುಷ್ಯ ಎಂದು ಸೇರಿಸಿ ಹೇಳಿದ.

ಅದಾದ ಮರುದಿನ ಸಾತೋಫ್‌ನ ಬೆರಳಚ್ಚಿನ ಕಾಗದ ಬಂತು. ನಿಯಮಾವಳಿಯ ಒಂಬತ್ತನೆಯ ಕಲಮಿನಂತೆ ಪರಿಶೀಲಕರ ವರದಿಯನ್ನು ಪರಿಶೀಲಕರ ಮನೆಯಲ್ಲಿ, ಅವರ ಸ್ವಂತ ಯಂತ್ರದ ಎದುರಿಗೆ ಸ್ವೀಕರಿಸತಕ್ಕದ್ದು. ಗುರುವಾರ ನಾಲ್ಕು ಗಂಟೆಗೆ ಸಂಘವು ಬರಲಿದೆ.

ಮೆನ್ನೊ ಕಾಗದವನ್ನು ಎರಡು ಸಲ ಓದಿ, ಬಸ್ಸು ಹಿಡಿದು ಪೇಟೆಯ ಅಂಗಡಿಗೆ ಹೋದ. ಅಂಗಡಿಯವನು ನಾಲ್ಕು ಬಗೆ ತೋರಿಸಿ, "ಯಾವುದು ಕೊಡ್ಲಿ?" ಎಂದ. ಮೆನ್ನೊ ಒಂದೊಂದರ ಮುಂದೆಯೂ ನಿಂತ. ಇದನ್ನು ಕೊಂಡರೆ ದಂತವೈದ್ಯ ಗೆದ್ದ. ಅದನ್ನು ಕೊಂಡರೆ ಓನ್ನೊ ಗೆದ್ದ. ಆಚೆಯದನ್ನು ಕೊಂಡರೆ ಇಬ್ಬರೂ ಸೋತು, ಸೋತವರು ಸಂಘ ಬಿಟ್ಟರು. ಎರಡು ಗಂಟೆ ನಿಂತು, ಕಾಲು ನೋಯಿಸಿಕೊಂಡು, ಬರಿಗೈಯಲ್ಲಿ ಮನೆಗೆ ಬಂದ.

ಗುರುವಾರ ನಾಲ್ಕಕ್ಕೆ ಸರಿಯಾಗಿ ಹನ್ನೊಂದು ಜೊತೆ ಬೂಟು ಅವನ ಬಾಗಿಲಲ್ಲಿ ಸಾಲುಗಟ್ಟಿದವು. ಗೇಶೆ ಬೈಯುತ್ತಲೇ ಕೇಕು ಮಾಡಿ ತಂದಿದ್ದಳು. ಚಿಕ್ಕ ಕೋಣೆಯಲ್ಲಿ ಕೆಲವರು ಕೂತರು, ಕೆಲವರು ಕಿಟಕಿಗೆ ಒರಗಿದರು. ಕಲ್ಲುಸಕ್ಕರೆಯ ಮೇಲೆ ಚಹಾ ಬಿದ್ದು ಚಟಚಟ ಎಂದಿತು. ಮೂರು ಸುತ್ತು ಚಹಾ ಮುಗಿಯುವ ತನಕ ಯಾರೂ ಕೆಲಸದ ಮಾತೆತ್ತಲಿಲ್ಲ. ಮೆನ್ನೊ ನಾಲ್ಕನೆಯ ಸುತ್ತಿಗೆ ಕೆಟಲ್ ಎತ್ತಿದ. ಸಾತೋಫ್ ಕೈ ಅಡ್ಡ ಹಿಡಿದ.

"ಯಂತ್ರ ತೋರಿಸಿ, ಶ್ರೀಮಾನ್ ಪೊಪಿಂಗಾ."

ಮೆನ್ನೊ ಒಳಕೋಣೆಯಿಂದ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟ. ಮುಚ್ಚಳ ತೆರೆದ. ಹನ್ನೊಂದು ತಲೆಗಳು ಬಗ್ಗಿದವು. ಒಣ ಮರಳಿನಲ್ಲಿ ಹದಿನಾಲ್ಕು ಗೆಡ್ಡೆ, ಪ್ರತಿಯೊಂದಕ್ಕೂ ಬಣ್ಣ ಬರೆದ ಚೀಟಿ.

"ಇದು ಯಾವ ಸಿಸ್ಟಮ್ಮು?" ಎಂದ ಕಣ್ಣು ಮಂಜಾದ ಅಟಾರಿಯ ಮುದುಕ.

"ಡೇಲಿಯಾ" ಎಂದಳು ಟೊಮ್ಮಾ.

"ನನ್ನ ಹತ್ರ ಯಂತ್ರ ಇಲ್ಲ" ಎಂದ ಮೆನ್ನೊ. ಒಂದು ಗೆಡ್ಡೆಯನ್ನು ಮರಳಿನಲ್ಲಿ ಇನ್ನಷ್ಟು ಆಳಕ್ಕೆ ಒತ್ತುತ್ತಿದ್ದ. "ಯಾವತ್ತೂ ಇರ್ಲಿಲ್ಲ. ಮೊದಲ ದಿನವೇ ಹೇಳ್ಬೇಕಾಗಿತ್ತು. ಹೇಳಿದ್ರೆ ನೀವು ಮುಂದಿನ ಗುರುವಾರ ಕರೀತಿರ್ಲಿಲ್ಲ. ನನಗೆ ಗುರುವಾರ ಬೇಕಾಗಿತ್ತು."

ಅವನು ಒಂದೇ ಉಸಿರಿಗೆ ಇಷ್ಟು ವಾಕ್ಯ ಆಡಿದ್ದನ್ನು ಆ ಊರಲ್ಲಿ ಯಾರೂ ಕೇಳಿರಲಿಲ್ಲ. ಓನ್ನೊ ಕೇಕಿನ ತುಂಡನ್ನು ಬಾಯಿಗೂ ತಟ್ಟೆಗೂ ನಡುವೆ ಹಿಡಿದು ಕೂತುಬಿಟ್ಟ. ಸಾತೋಫ್ ನಿಯಮಾವಳಿ ತೆರೆದು ಮೂರನೆಯ ಕಲಮನ್ನು ಓದಿದ.

"ಹಾಗಾದ್ರೆ ಇವರು ಸದಸ್ಯರೇ ಅಲ್ಲ. ಇವರ ಪಟ್ಟಿ ಪಟ್ಟಿಯೇ ಅಲ್ಲ" ಎಂದ ದಂತವೈದ್ಯ.

"ಕಲಮು ತಿದ್ದಿಬಿಡಿ" ಎಂದಳು ಟೊಮ್ಮಾ.

"ವಾರ್ಷಿಕ ಸಭೆ ಬೇಕು. ಮುಂದಿನ ಜನವರಿ" ಎಂದ ಸಾತೋಫ್.

"ಅಯ್ಯೋ, ನನ್ನ ಹಳೇ ಅಮಿಗಾ ಅಟ್ಟದ ಮೇಲಿದೆ, ಕೊಟ್ಬಿಡ್ತೀನಿ" ಎಂದ ಓನ್ನೊ.

ದಂತವೈದ್ಯ ಥಟ್ಟನೆ ತಿರುಗಿದ. "ಓಹೋ, ಆ ಲೆಕ್ಕಾಚಾರವಾ? ಪರಿಶೀಲಕರನ್ನ ನಿಮ್ಮ ಕಡೆ ಎಳ್ಕೊಳ್ಳೋದಾ? ಮೆನ್ನೊ, ನನ್ನ ಹತ್ರಾನೂ ಹಳೇದಿದೆ. ಮೋಡ ಸಮೇತ."

"ಈಗ ತಾನೇ ಅವನು ಸದಸ್ಯನೇ ಅಲ್ಲ ಅಂದ್ರಲ್ಲ."

"ನನ್ನ ಯಂತ್ರ ತಗೊಂಡ್ರೆ ಸದಸ್ಯರೇ."

ಮಾತು ಏರಿತು. ಮೆನ್ನೊ ಇಬ್ಬರಿಗೂ ತಲೆ ಅಲ್ಲಾಡಿಸಿದ. ಒಬ್ಬನದನ್ನು ತೆಗೆದುಕೊಂಡು ಇನ್ನೊಬ್ಬನನ್ನು ಕಳೆದುಕೊಳ್ಳುವುದಾದರೆ ತನಗೆ ಯಾವುದೂ ಬೇಡ ಎಂದ. ಗೇಶೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳು, "ಕತ್ತೆ ಹಾಗೆ ಸೈಕಲ್ ತುಳ್ಕೊಂಡು ಆರು ವಾರ ಅಲೆದಿದಾನೆ. ಬರ್ದಿದ್ದನ್ನ ಓದಿಯಾದ್ರೂ ಹೊರಗೆ ಹಾಕಿ" ಎಂದಳು.

ಅದಕ್ಕೆ ನಿಯಮಾವಳಿಯಲ್ಲಿ ಅಡ್ಡಿ ಇರಲಿಲ್ಲ. ಸಾತೋಫ್ ದಾಖಲೆ ಪುಸ್ತಕ ತೆಗೆದುಕೊಂಡು ಗಟ್ಟಿಯಾಗಿ ಓದಿದ.

"ಅಮಿಗಾ: ಸಮುದ್ರ ಮತ್ತು ದೀಪಸ್ತಂಭ ಇರುವ ವಿಮಾನವೇ ಇರಲಿ. ಹಿಲ್ಕೆಗೆ ದೀಪಸ್ತಂಭ ಇಷ್ಟ, ಅದಕ್ಕೇ ಪಕ್ಕದಲ್ಲಿ ಕೂರುತ್ತಾಳೆ. ವಿಂಡೋಸ್: ಈಗಿರುವ ವಿಮಾನವೇ, ಮೋಡ ಕಡಿಮೆ ಮಾಡಿಕೊಂಡು. ಆದರೆ ಪತ್ರ ಓದಲು ಒಮ್ಮೆಗೆ ಐವತ್ತು ಮಾತ್ರ ತರುವ ಓದುಗ ಬೇಕು. ನಾಲ್ಕು ಸಾವಿರ ನೋಡಿದರೆ ಡಾಕ್ಟರರಿಗೆ ಊಟ ಸೇರುವುದಿಲ್ಲ. ಲಿನಕ್ಸ್: ಚಿತ್ರವಿಲ್ಲದ ಓದುಗ. ಟೊಮ್ಮಾಳಿಗೆ ಬೆಳಿಗ್ಗೆ ಹತ್ತು ನಿಮಿಷ ಸಿಗುತ್ತದೆ. ಅಟಾರಿ: ಅಕ್ಷರ ದೊಡ್ಡದಾಗುವಂಥದ್ದು ಒಂದೇ ಇದೆ, ಅದೇ."

ದಂತವೈದ್ಯ, "ಊಟದ ವಿಷಯ ನಿಮಗೆ ಯಾರು ಹೇಳಿದ್ರು?" ಎಂದು ಕೇಳಿ, "ನಿಮ್ಮನೆಯವರು" ಎಂದು ಮೆನ್ನೊ ಹೇಳಿದ್ದೇ ಕೇಕಿಗೆ ಕೈ ಹಾಕಿದ. ಸಾತೋಫ್ ಪುಟ ತಿರುವಿದ. ಕೊನೆಯ ಸಾಲು ಅವನ ಹೆಸರಿನದು.

"ಅಧ್ಯಕ್ಷರ ಯಂತ್ರ" ಎಂದು ಓದಿ ನಿಂತ. ಮೆನ್ನೊನನ್ನು ನೋಡಿದ. ಮತ್ತೆ ಓದಿದ, ದನಿ ತಗ್ಗಿತ್ತು. "ಅಧ್ಯಕ್ಷರ ಯಂತ್ರ: ಯಾವ ವಿಮಾನವಾದರೂ ಆದೀತು. ಯಾವ ಓದುಗವಾದರೂ ಆದೀತು. ಎಲ್ಲ ಸರಿಯಾಗಿದೆ."

ಅವನು ಪುಸ್ತಕ ಮುಚ್ಚಿ ಕನ್ನಡಕ ಒರೆಸಿಕೊಂಡ. ಒರೆಸಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದ. ಆಮೇಲೆ, ಪಟ್ಟಿ ಅಂಗೀಕಾರವಾಗಿದೆ, ಸದಸ್ಯತ್ವದ ವಿಷಯ ಮುಂದಿನ ಗುರುವಾರಕ್ಕೆ, ಅಷ್ಟರೊಳಗೆ ಶ್ರೀಮಾನ್ ಪೊಪಿಂಗಾ ಸ್ವಂತ ಯಂತ್ರ ತೋರಿಸದಿದ್ದರೆ ಅವರ ಹೆಸರು ತೆಗೆಯಲಾಗುವುದು ಎಂದು ಘೋಷಿಸಿದ. ಎಲ್ಲರೂ ಬೂಟು ಹಾಕಿಕೊಂಡು ಹೋದರು. ಮೆನ್ನೊ ಹನ್ನೆರಡು ಕಪ್ಪುಗಳನ್ನು ತೊಳೆದ. ಇಷ್ಟು ಕಪ್ಪು ತೊಳೆಯುವ ಪ್ರಸಂಗ ಇನ್ನು ಬಾರದೆಂದು ಅವನಿಗೆ ದುಃಖವಾಯಿತು.

ಮರುದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಸಾತೋಫ್, ಕೈಗಾಡಿಯೊಂದಿಗೆ. ಗಾಡಿಯ ಮೇಲೆ ಹೆಣಿಗೆಯ ಬಟ್ಟೆ ಹೊದ್ದ ಯಂತ್ರ.

"ಮೂರು ವರ್ಷದಿಂದ ಸತ್ತಿದೆ" ಎಂದ ಅವನು, ಮೊಯಿನ್ ಕೂಡ ಹೇಳದೆ. "ರಿಪೇರಿಗೆ ಓನ್ನೊನ ಕೇಳಿದ್ರೆ ಡಾಕ್ಟರಿಗೆ ಸಿಟ್ಟು. ಡಾಕ್ಟರನ್ನ ಕೇಳಿದ್ರೆ ಓನ್ನೊಗೆ ಸಿಟ್ಟು. ಅಧ್ಯಕ್ಷ ಆದವನು ಯಾರ ಕಡೇನೂ ಇರೋ ಹಾಗಿಲ್ಲ."

"ಗೊತ್ತು. ನಾನು ಅಂಗಡೀಲಿ ಎರಡು ಗಂಟೆ ನಿಂತಿದ್ದೆ" ಎಂದ ಮೆನ್ನೊ.

ಇಬ್ಬರೂ ಅದನ್ನು ಎತ್ತಿ ಮೇಜಿನ ಮೇಲಿಟ್ಟರು. ಸಾತೋಫ್ ಕೋಟಿನ ಒಳಜೇಬಿನಿಂದ ಬೆರಳಚ್ಚಿನ ಹಾಳೆ ತೆಗೆದ. ಸದರಿ ಯಂತ್ರದ ಅವಿಭಕ್ತ ಅರ್ಧ ಪಾಲು ಮೆನ್ನೊ ಪೊಪಿಂಗಾ ಅವರಿಗೆ, ಉಳಿದರ್ಧ ಹಿಂಡರ್ಕ್ ಸಾತೋಫ್ ಅವರಿಗೆ. ಜಮೀನಿನ ಪತ್ರಗಳನ್ನು ನಲವತ್ತು ವರ್ಷ ಬರೆದ ಕೈ. ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ.

"ಕಲಮಿನಲ್ಲಿ ಸ್ವಂತ ಅಂತ ಇದೆ. ಒಬ್ಬರದೇ ಅಂತ ಇಲ್ಲ. ಓಡ್ಬೇಕು ಅಂತಾನೂ ಇಲ್ಲ. ರಾತ್ರಿ ಎಲ್ಲ ಓದಿ ನೋಡ್ದೆ."

ಮೆನ್ನೊ ಸಹಿ ಹಾಕಿದ. ಸಾತೋಫ್ ಹಾಳೆಯನ್ನು ಮಡಚಿದ, ಮತ್ತೆ ಬಿಡಿಸಿದ, ಮತ್ತೆ ಮಡಚಿದ. ಟೋಪಿ ಹಾಕಿಕೊಂಡ. ಬಾಗಿಲ ತನಕ ಹೋಗಿ ನಿಂತ.

"ನನ್ನ ಅರ್ಧ ನೋಡ್ಕೊಳ್ಳೋಕೆ ನಾನು ಆಗಾಗ ಬರ್ಬೇಕಾಗುತ್ತೆ" ಎಂದ, ಬಾಗಿಲ ಚಿಲಕವನ್ನು ನೋಡುತ್ತ. "ವಾರಕ್ಕೊಂದ್ಸಲ. ಮಂಗಳವಾರ ಆದ್ರೆ ನಿಮಗೆ ತೊಂದರೆ ಇಲ್ಲವಲ್ಲ?"

"ಇಲ್ಲ" ಎಂದ ಮೆನ್ನೊ. ಒಂದು ವಾಕ್ಯ ಆಗಿಹೋಗಿತ್ತು. ಆದರೂ ಎರಡನೆಯದನ್ನೂ ಹೇಳಿದ. "ಸೋಮವಾರಾನೂ ಬನ್ನಿ."